ಹಾಸನ, ಬ್ಯಾಲಾಳು ಮತ್ತು ಮಂಗಳನ ತೂಕ

ಹಾಸನದಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಎಂಬತ್ತರ ದಶಕದಿಂದ ನಮ್ಮ ಇನ್‌ಸ್ಯಾಟ್, ಜಿಸ್ಯಾಟ್ ಉಪಗ್ರಹಗಳನ್ನು ಹಗಲಿರುಳು ನೋಡಿಕೊಳ್ಳುತ್ತಿರುವ ಕೇಂದ್ರ ಅದು. ಮನೆಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನೂ ಹವಾಮಾನ ಇಲಾಖೆಗೆ ಮೋಡಗಳ ಚಿತ್ರಗಳನ್ನೂ ಕಳಿಸುವ ಈ ಉಪಗ್ರಹಗಳು ಭೂಮಿಯ ಕೇಂದ್ರದಿಂದ ಸುಮಾರು 42,164 ಕಿ.ಮೀ. ದೂರದಲ್ಲಿ ಸುತ್ತುತ್ತವೆ. ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ತನ್ನ ಸುತ್ತ ತಾನು ತಿರುಗುತ್ತದೆ. ಹಾಗಾಗಿ ತಾರಸಿಯ ಮೇಲಿನ ಡಿಶ್ಶನ್ನು ಒಮ್ಮೆ ಸರಿಯಾಗಿ ತಿರುಗಿಸಿ ಕೂರಿಸಿದರೆ ಮತ್ತೆ ಮುಟ್ಟುವ ಕೆಲಸವಿಲ್ಲ.

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ 32 ಮೀಟರ್ ಅಗಲದ ಇನ್ನೊಂದು ದೊಡ್ಡ ಡಿಶ್ ಇದೆ. ಭೂಮಿಯ ಆಸುಪಾಸು ಬಿಟ್ಟು ದೂರ ಹೋದ ನೌಕೆಗಳ ಮಾತು ಕೇಳಿಸಿಕೊಳ್ಳುವುದು ಅದರ ಕೆಲಸ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿತಲ್ಲ, ಆ ನೌಕೆಯ ದಾರಿ ಹಾಸನದ ಉಪಗ್ರಹಗಳ ಹಾಗೆ ವೃತ್ತಾಕಾರವಾಗಿರಲಿಲ್ಲ. ಮಂಗಳನ ನೆಲದಿಂದ ಹತ್ತಿರವೆಂದರೆ 421 ಕಿ.ಮೀ., ದೂರವೆಂದರೆ ಸುಮಾರು 77 ಸಾವಿರ ಕಿ.ಮೀ. ಹೀಗೆ ಉದ್ದಕ್ಕೆ ಎಳೆದಂಥ ದಾರಿ. ಒಂದು ಸುತ್ತಿಗೆ 72 ಗಂಟೆ 51 ನಿಮಿಷ.

ಈ ಹತ್ತಿರ ಮತ್ತು ದೂರದ ಸರಾಸರಿ ತೆಗೆದು, ಅದಕ್ಕೆ ಮಂಗಳನ ತ್ರಿಜ್ಯ 3,390 ಕಿ.ಮೀ. ಸೇರಿಸಿ. ಸುಮಾರು 42,100 ಕಿ.ಮೀ. ಬರುತ್ತದೆ. ಹಾಸನದವರು ಕಾಯುವ ಉಪಗ್ರಹಗಳ ದೂರಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ದಾರಿ ಗುಂಡಗಿರಲಿ, ಉದ್ದವಾಗಿರಲಿ, ಒಂದು ಸುತ್ತಿಗೆ ಹಿಡಿಯುವ ಹೊತ್ತನ್ನು ತೀರ್ಮಾನಿಸುವುದು ಈ ಸರಾಸರಿ ದೂರ ಮತ್ತು ನಡುವೆ ಕುಳಿತು ಎಳೆಯುತ್ತಿರುವ ಗ್ರಹದ ತೂಕ, ಇವೆರಡೇ. ದೂರ ಸಮವಾಗಿರುವಾಗ ವ್ಯತ್ಯಾಸವೆಲ್ಲ ತೂಕದ್ದು. ಮಂಗಳಯಾನದ 72 ಗಂಟೆ 51 ನಿಮಿಷವನ್ನು ಜಿಸ್ಯಾಟ್‌ನ 23 ಗಂಟೆ 56 ನಿಮಿಷದಿಂದ ಭಾಗಿಸಿದರೆ 3.04. ಅದನ್ನು ಅದರಿಂದಲೇ ಗುಣಿಸಿದರೆ 9.3ಕ್ಕೆ ತೀರ ಹತ್ತಿರ. ಭೂಮಿ ಮಂಗಳನಿಗಿಂತ 9.3 ಪಟ್ಟು ಭಾರ. ಖಗೋಳದ ಯಾವ ಪುಸ್ತಕ ತೆರೆದರೂ ಇದೇ ಸಂಖ್ಯೆ ಸಿಗುತ್ತದೆ. ತಕ್ಕಡಿಯೂ ಬೇಕಾಗಲಿಲ್ಲ, ತೂಕದ ಕಲ್ಲೂ ಬೇಕಾಗಲಿಲ್ಲ; ಕರ್ನಾಟಕದ ಎರಡು ಊರುಗಳಲ್ಲಿ ದಾಖಲಾದ ಎರಡು ಅವಧಿಗಳು ಸಾಕಾದವು.

ಇಲ್ಲಿ ಮಂಗಳನ ತೂಕ ಹೇಳಿದ್ದು ಮಂಗಳವನ್ನು ಸುತ್ತಿದ ನೌಕೆ. ಸೂರ್ಯನ ಸುತ್ತ ಮಂಗಳ 687 ದಿನಕ್ಕೊಮ್ಮೆ ಹಾಕುವ ಪ್ರದಕ್ಷಿಣೆಯನ್ನು ಎಷ್ಟೇ ಕರಾರುವಾಕ್ಕಾಗಿ ಅಳೆದರೂ ಅದರಿಂದ ತಿಳಿಯುವುದು ಸೂರ್ಯನ ತೂಕವೇ ಹೊರತು ಮಂಗಳನದಲ್ಲ. ಯಾವ ಗ್ರಹವೂ ತನ್ನ ತೂಕವನ್ನು ತನ್ನ ದಾರಿಯಲ್ಲಿ ಬಿಟ್ಟುಕೊಡುವುದಿಲ್ಲ. ಅಕ್ಕಪಕ್ಕದವರ ದಾರಿಯಲ್ಲಿ ಅದನ್ನು ಹುಡುಕಬೇಕು. ಶಾಲೆಯ ಪುಸ್ತಕದ ಕೋಷ್ಟಕದಲ್ಲಿ ದೂರ, ಅವಧಿ, ದ್ರವ್ಯರಾಶಿ ಮೂರೂ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಅವಧಿ ಕೈಗೆ ಸಿಕ್ಕಿದ್ದಕ್ಕೂ ದ್ರವ್ಯರಾಶಿ ಕೈಗೆ ಸಿಕ್ಕಿದ್ದಕ್ಕೂ ನಡುವೆ ಶತಶತಮಾನಗಳ ಅಂತರವಿದೆ ಎಂಬುದನ್ನು ಆ ಕೋಷ್ಟಕ ಮಕ್ಕಳಿಗೆ ಹೇಳಿಕೊಡುವುದಿಲ್ಲ. ಅದನ್ನು ಹೇಳಿಕೊಡಬೇಕು ಎಂಬುದು ನನ್ನ ಬಲವಾದ ಅನಿಸಿಕೆ. (ದ್ರವ್ಯರಾಶಿ ಎನ್ನಬೇಕಾದ ಕಡೆ ಈ ಲೇಖನದಲ್ಲಿ ತೂಕ ಎಂದೇ ಬರೆಯುತ್ತಿದ್ದೇನೆ, ಗ್ರಹದಲ್ಲಿ ಅಡಗಿರುವ ಒಟ್ಟು ಪದಾರ್ಥ ಎಂಬ ಅರ್ಥದಲ್ಲಿ ಅದನ್ನು ಓದಿಕೊಳ್ಳಬೇಕು.)

ಅವಧಿ ನಮ್ಮವರಿಗೆ ಹಳೆಯ ಪರಿಚಯ. 2017ರ ಸೆಪ್ಟೆಂಬರಿನಲ್ಲಿ ಗುರು ತುಲಾ ರಾಶಿಗೆ ಬಂದಾಗ ಕಾವೇರಿ ಪುಷ್ಕರ ನಡೆಯಿತು. 2020ರ ನವೆಂಬರಿನಲ್ಲಿ ಮಕರಕ್ಕೆ ಬಂದಾಗ ತುಂಗಭದ್ರೆಯ ಸರದಿ. ಹನ್ನೆರಡು ರಾಶಿಗೆ ಹನ್ನೆರಡು ನದಿ, ಗುರುವಿಗೆ ರಾಶಿಗೊಂದು ವರ್ಷ. ಶನಿ ಒಂದೊಂದು ರಾಶಿಯಲ್ಲಿ ಎರಡೂವರೆ ವರ್ಷ ನಿಲ್ಲುತ್ತದೆ, ಮೂರು ರಾಶಿ ಸೇರಿದರೆ ಏಳೂವರೆ. ಸಾಡೇಸಾತಿಯ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಈ ನಂಬಿಕೆಗಳನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟಿದ್ದು. ಅದರ ಹಿಂದೆ ತಲೆಮಾರುಗಟ್ಟಲೆ ಆಕಾಶ ನೋಡಿ ಬರೆದಿಟ್ಟವರ ಶ್ರಮವಿದೆ ಎಂಬುದಂತೂ ನಿಜ. ಕ್ರಿ.ಶ. 499ರ ಕಾಲದ ಆರ್ಯಭಟನ ಗ್ರಂಥದಲ್ಲಿ 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಗುರು 3,64,224 ಸುತ್ತು, ಶನಿ 1,46,564 ಸುತ್ತು ಬರುತ್ತವೆ ಎಂದಿದೆ. ಭಾಗಿಸಿ ನೋಡಿದರೆ ಗುರುವಿನ ಒಂದು ಸುತ್ತಿಗೆ 11.86 ವರ್ಷ, ಶನಿಗೆ 29.48. ಇಂದಿನ ಅಳತೆಯಲ್ಲಿ ಗುರುವಿಗೆ 11.86, ಶನಿಗೆ 29.46. ದೂರದರ್ಶಕದ ಹೆಸರೇ ಇಲ್ಲದ ಕಾಲದಲ್ಲಿ ಇಷ್ಟು ನಿಖರತೆ!

ಆದರೆ ಗುರು ಭಾರವೋ ಶುಕ್ರ ಭಾರವೋ ಎಂದು ಹೇಳುವ ದಾರಿ ಅಂದು ಯಾವ ದೇಶದ ಯಾವ ಪಂಡಿತನಿಗೂ ಇರಲಿಲ್ಲ. ಬರಿಗಣ್ಣಿಗೆ ಶುಕ್ರನೇ ಹೆಚ್ಚು ಬೆಳಗುತ್ತಾನೆ. ಗುರು ಆ ಶುಕ್ರನ 390 ಪಟ್ಟು ಭಾರ.

ಯುರೋಪಿನಲ್ಲಿ ಯೋಹಾನ್ಸ್ ಕೆಪ್ಲರ್ ಗ್ರಹಗಳ ದಾರಿಯ ಗುಟ್ಟು ಬಿಡಿಸಿದ್ದು ಮಂಗಳನನ್ನು ಹಿಂಬಾಲಿಸಿ. ಡೆನ್ಮಾರ್ಕಿನ ಟೈಕೊ ಬ್ರಾಹೆ ವರ್ಷಗಟ್ಟಲೆ ಬರಿಗಣ್ಣಿನಿಂದ ಅಳೆದಿಟ್ಟಿದ್ದ ಮಂಗಳನ ಸ್ಥಾನಗಳಿಗೂ ಕೆಪ್ಲರ್ ಹಾಕಿದ ಲೆಕ್ಕಕ್ಕೂ 8 ಕಲೆಗಳಷ್ಟು ವ್ಯತ್ಯಾಸ ಬಂತು. ಹುಣ್ಣಿಮೆಯ ಚಂದ್ರನ ಅಗಲದ ಕಾಲುಭಾಗದಷ್ಟು. ಬೇರೆಯವರಾಗಿದ್ದರೆ ಅಳತೆಯ ದೋಷ ಎಂದು ಬಿಟ್ಟುಬಿಡುತ್ತಿದ್ದರು. ಟೈಕೊ ಅಷ್ಟು ತಪ್ಪುವವನಲ್ಲ ಎಂಬ ನಂಬಿಕೆಯಿಂದ ಕೆಪ್ಲರ್ ತನ್ನ ಲೆಕ್ಕವನ್ನೇ ಕಿತ್ತುಹಾಕಿ ಮತ್ತೆ ಶುರುಮಾಡಿದ. 1609ರಲ್ಲಿ ಹೊರಬಂದ ಪುಸ್ತಕದಲ್ಲಿ ಗ್ರಹದ ದಾರಿ ದೀರ್ಘವೃತ್ತ, ಸೂರ್ಯ ಅದರ ನಡುವಿನಲ್ಲಿಲ್ಲ, ಒಂದು ನಾಭಿಯಲ್ಲಿದೆ ಎಂದ. ಹತ್ತಿರ ಬಂದಾಗ ಗ್ರಹ ಬೇಗ ಓಡುತ್ತದೆ, ದೂರ ಹೋದಾಗ ನಿಧಾನಿಸುತ್ತದೆ ಎಂದ.

ಇದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಪರೀಕ್ಷಿಸಬಹುದು. ಹಗಲು ರಾತ್ರಿ ಸಮನಾಗುವ ಮಾರ್ಚ್ 20ರಿಂದ ಸೆಪ್ಟೆಂಬರ್ 22ರವರೆಗೆ ಎಣಿಸಿದರೆ 186 ದಿನ. ಅಲ್ಲಿಂದ ಮುಂದಿನ ಮಾರ್ಚ್ 20ರವರೆಗೆ 179 ದಿನ. ಆಕಾಶದಲ್ಲಿ ಎರಡೂ ಅರ್ಧರ್ಧ ಸುತ್ತೇ. ಚಳಿಗಾಲದ ಅರ್ಧ ಏಳು ದಿನ ಮೊದಲೇ ಮುಗಿಯಲು ಕಾರಣ, ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.7 ಕೋಟಿ ಕಿ.ಮೀ. ದೂರದಲ್ಲಿ, ಇರುತ್ತದೆ, ಜುಲೈ ಮೊದಲ ವಾರದಲ್ಲಿ ಅತಿ ದೂರ, 15.2 ಕೋಟಿ ಕಿ.ಮೀ. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಎಂದು ಓದಿದವರೂ ನಂಬಿರುವುದನ್ನು ಕಂಡಿದ್ದೇನೆ. ಪಠ್ಯಪುಸ್ತಕಗಳ ಕಕ್ಷೆಯ ಚಿತ್ರವನ್ನು ಮೊಟ್ಟೆಯಂತೆ ಎಳೆದು ಬಿಡಿಸುವುದೇ ಇದಕ್ಕೆ ಅರ್ಧ ಕಾರಣ. ನಿಜವಾದ ಅಳತೆಗೆ ಬಿಡಿಸಿದರೆ ಭೂಮಿಯ ಕಕ್ಷೆಯನ್ನು ವೃತ್ತದಿಂದ ಬೇರೆ ಎಂದು ಕಣ್ಣು ಗುರುತಿಸದು.

ಕೆಪ್ಲರ್ 1619ರಲ್ಲಿ ಪ್ರಕಟಿಸಿದ ಮೂರನೆಯ ನಿಯಮ ಈ ಲೇಖನಕ್ಕೆ ಮುಖ್ಯ. ಸೂರ್ಯನಿಂದ ಭೂಮಿಯ ದೂರವನ್ನು 1 ಎಂದಿಟ್ಟರೆ ಗುರುವಿನ ದೂರ 5.2. ಅದರ ಘನ 140.6. ಗುರುವಿನ ಅವಧಿ 11.86 ವರ್ಷ, ಅದರ ವರ್ಗ 140.7. ಶನಿಗೆ ಮಾಡಿದರೂ ಹೀಗೇ ಹೊಂದುತ್ತದೆ, ಬುಧನಿಗೆ ಮಾಡಿದರೂ ಹೀಗೇ. ಬುಧ ಕಬ್ಬಿಣ ತುಂಬಿದ ಪುಟ್ಟ ಉಂಡೆ, ಗುರು ಅನಿಲದ ಬೃಹತ್ ಕಾಯ. ಆದರೂ ಎರಡಕ್ಕೂ ಒಂದೇ ನಿಯಮ, ಅದರಲ್ಲಿ ಗ್ರಹದ ತೂಕಕ್ಕೆ ಜಾಗವೇ ಇಲ್ಲ.

ಯಾಕಿಲ್ಲ ಎಂಬುದಕ್ಕೆ ಉತ್ತರ ಕೊಟ್ಟವನು ಐಸಾಕ್ ನ್ಯೂಟನ್, 1687ರ ‘ಪ್ರಿನ್ಸಿಪಿಯಾ’ದಲ್ಲಿ. ಸೂರ್ಯ ಎಳೆಯದಿದ್ದರೆ ಭೂಮಿ ನೇರ ಗೆರೆಯಲ್ಲಿ ಹೊರಟುಹೋಗುತ್ತಿತ್ತು. ಒಂದು ಸೆಕೆಂಡಿನಲ್ಲಿ ಅದು ಸುಮಾರು 30 ಕಿ.ಮೀ. ಮುಂದೆ ಸಾಗುತ್ತದೆ. ಅದೇ ಸೆಕೆಂಡಿನಲ್ಲಿ ಆ ನೇರ ಗೆರೆಯನ್ನು ಬಿಟ್ಟು ಸೂರ್ಯನ ಕಡೆಗೆ ಬೀಳುವುದು 3 ಮಿಲಿಮೀಟರ್ ಮಾತ್ರ. 30 ಕಿಲೊಮೀಟರಿಗೆ 3 ಮಿಲಿಮೀಟರ್ ಬಾಗಿದರೆ ಸಾಕು, ವರ್ಷ ತುಂಬುವಷ್ಟರಲ್ಲಿ ದಾರಿ ಪೂರ್ತಿ ಒಂದು ಸುತ್ತು ಬಂದಿರುತ್ತದೆ. ಸೂರ್ಯನಿಗೆ ಹತ್ತಿರದ ಬುಧ ಸೆಕೆಂಡಿಗೆ 47 ಕಿ.ಮೀ. ಓಡುತ್ತ 2 ಸೆಂಟಿಮೀಟರ್ ಬೀಳುತ್ತದೆ. ಗುರು 13 ಕಿ.ಮೀ. ಸಾಗುತ್ತ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಬೀಳುತ್ತದೆ. ಕಕ್ಷೆ ಎಂದರೆ ಬೀಳುತ್ತಲೇ ಇದ್ದು ಎಂದೂ ತಲುಪದಿರುವುದು.

ಬೀಳುವ ವಿಷಯದಲ್ಲಿ ಭಾರದ್ದಕ್ಕೆ ಹಗುರದ್ದಕ್ಕೆ ಭೇದವಿಲ್ಲ. ಭಾರದ ವಸ್ತುವನ್ನು ಸೂರ್ಯ ಹೆಚ್ಚು ಬಲದಿಂದ ಎಳೆಯುತ್ತಾನೆ, ನಿಜ. ಆದರೆ ಅದನ್ನು ಕದಲಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚು. ಎರಡೂ ಸರಿಹೋಗುತ್ತವೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದರಿಂದ ಗಿಡುಗದ ಗರಿ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಭೂಮಿಯ ಜಾಗದಲ್ಲಿ ಒಂದು ಪುಟ್ಟ ಕ್ಷುದ್ರಗ್ರಹ ಇಟ್ಟರೂ ಅದಕ್ಕೆ ವರ್ಷವೆಂದರೆ 365 ದಿನವೇ. ಗುರುವನ್ನೇ ತಂದಿಟ್ಟರೆ? ವರ್ಷ ಸುಮಾರು 4 ಗಂಟೆ ಕಡಿಮೆಯಾಗುತ್ತದೆ, ಅಷ್ಟೆ. ಆ 4 ಗಂಟೆಗೆ ಕಾರಣ ಗುರು ತಿರುಗಿ ಸೂರ್ಯನನ್ನೂ ಕೊಂಚ ಎಳೆಯುವುದು. ಅದಕ್ಕೆ ಮುಂದೆ ಬರುತ್ತೇನೆ.

ಗ್ರಹಗಳ ತೂಕದಲ್ಲಿ ಎಷ್ಟು ಅಜಗಜಾಂತರ ಎಂಬುದನ್ನು ಒಮ್ಮೆ ಕಣ್ಣಳತೆಗೆ ತಂದುಕೊಳ್ಳೋಣ. ಭೂಮಿಯನ್ನು ಒಂದು ಕೆ.ಜಿ. ಅಕ್ಕಿ ಎಂದುಕೊಳ್ಳಿ. ಶುಕ್ರ 815 ಗ್ರಾಂ. ಮಂಗಳ 107 ಗ್ರಾಂ, ಬುಧ 55 ಗ್ರಾಂ, ನಮ್ಮ ಚಂದ್ರ 12 ಗ್ರಾಂ. ಯುರೇನಸ್ ಹದಿನಾಲ್ಕೂವರೆ ಕೆ.ಜಿ., ನೆಪ್ಚೂನ್ 17 ಕೆ.ಜಿ. ಶನಿಗೆ 50 ಕೆ.ಜಿ.ಯ ಎರಡು ಮೂಟೆಗೆ ಐದು ಕೆ.ಜಿ. ಕಡಿಮೆ. ಗುರುವಿಗೆ ಆರು ಮೂಟೆ, ಮೇಲೆ 18 ಕೆ.ಜಿ. ಉಳಿದ ಏಳು ಗ್ರಹಗಳನ್ನೂ ಒಟ್ಟಿಗೆ ಸುರಿದರೆ ಗುರುವಿನ ಅರ್ಧಕ್ಕೂ ಬರುವುದಿಲ್ಲ. ಇನ್ನು ಸೂರ್ಯ? ಹತ್ತು ಟನ್ ಹೊರುವ ಲಾರಿಗಳು 33 ಬೇಕು. ಸೌರಮಂಡಲದ ಒಟ್ಟು ಪದಾರ್ಥದಲ್ಲಿ ಸೂರ್ಯನ ಪಾಲು ಶೇ 99.86. ಎಲ್ಲ ಗ್ರಹಗಳೂ ಒಂದೇ ನಿಯಮಕ್ಕೆ ತಲೆಬಾಗಿ ಸುತ್ತುವುದು ಈ ಏಕಪಕ್ಷೀಯ ಬಲದಿಂದ.

ಈ ಅಂಕಿಗಳು ಬಂದದ್ದು ಉಪಗ್ರಹಗಳಿಂದ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ಸುತ್ತ ನಾಲ್ಕು ಚುಕ್ಕಿಗಳನ್ನು ಕಂಡಾಗ ತಾನು ಗುರುವನ್ನು ತೂಗುವ ಸಾಧನವನ್ನೇ ಕಂಡಿದ್ದೇನೆ ಎಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಅವುಗಳಲ್ಲಿ ಒಳಗಿನದು ಅಯೋ. ಅದು ಗುರುವಿನಿಂದ 4.22 ಲಕ್ಷ ಕಿ.ಮೀ. ದೂರದಲ್ಲಿದೆ, ನಮ್ಮ ಚಂದ್ರ ಭೂಮಿಯಿಂದ 3.84 ಲಕ್ಷ ಕಿ.ಮೀ. ದೂರದಲ್ಲಿದೆ. ದೂರ ಹೆಚ್ಚುಕಡಿಮೆ ಒಂದೇ. ಚಂದ್ರ ಒಂದು ಸುತ್ತಿಗೆ 27.3 ದಿನ ತೆಗೆದುಕೊಂಡರೆ ಅಯೋ 42 ಗಂಟೆ 28 ನಿಮಿಷದಲ್ಲಿ ಸುತ್ತಿ ಮುಗಿಸುತ್ತದೆ. ಅಂದರೆ ಹದಿನೈದು ಪಟ್ಟಿಗಿಂತಲೂ ಬೇಗ. ಅವಧಿಗಳ ಅನುಪಾತದ ವರ್ಗ 238, ದೂರಗಳ ಅನುಪಾತದ ಘನ 1.32, ಗುಣಿಸಿದರೆ ಸುಮಾರು 315. ಚಂದ್ರನ ತೂಕಕ್ಕೂ ಲೆಕ್ಕ ಕೊಟ್ಟು ಸರಿಪಡಿಸಿದರೆ 318. ಗುರು ಭೂಮಿಯ 318 ಪಟ್ಟು. ಶನಿಯ ಉಪಗ್ರಹ ಡಯೋನಿಯದು ಇನ್ನೂ ಸೊಗಸು. ಅದರ ದೂರ 3.77 ಲಕ್ಷ ಕಿ.ಮೀ., ಅವಧಿ 2.74 ದಿನ, ಹೆಚ್ಚುಕಡಿಮೆ ಚಂದ್ರನ ಹತ್ತನೇ ಒಂದು. ಹತ್ತರ ವರ್ಗ ನೂರು, ದೂರದ ಕಡಿತ ಕಳೆದರೆ 95. ನೆಪ್ಚೂನಿನ ಟ್ರೈಟನ್ 3.55 ಲಕ್ಷ ಕಿ.ಮೀ. ದೂರದಲ್ಲಿ 5.88 ದಿನಕ್ಕೊಂದು ಸುತ್ತು ಬರುತ್ತದೆ. ಅದೇ ಲೆಕ್ಕ ಹಾಕಿ, 17 ಸಿಗುತ್ತದೆ. ಹೈಸ್ಕೂಲಿನ ಮಕ್ಕಳು ಕ್ಯಾಲ್ಕುಲೇಟರ್ ಹಿಡಿದು ಹತ್ತು ನಿಮಿಷದಲ್ಲಿ ಮೂರು ದೈತ್ಯ ಗ್ರಹಗಳನ್ನು ತೂಗಬಹುದು. ಕೋಷ್ಟಕ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಈ ದಾರಿ ತೋರಿದ ನ್ಯೂಟನ್ ಗುರು ಸೂರ್ಯನ 1,067ರಲ್ಲಿ ಒಂದು ಭಾಗ ಎಂದು ಲೆಕ್ಕ ಹಾಕಿದ. ಇಂದಿನ ಸಂಖ್ಯೆ 1,047. ಮೂರು ಶತಮಾನಗಳ ಹಿಂದಿನ ಮಸುಕು ದೂರದರ್ಶಕಗಳಿಗೆ ಇದು ದೊಡ್ಡ ಸಾಧನೆ. ಅದೇ ನ್ಯೂಟನ್ ತಾನು ನಿಂತ ಭೂಮಿಯ ಬಗ್ಗೆ ಹಾಕಿದ ಲೆಕ್ಕ ಬಹಳ ದೂರ ಹೋಯಿತು. ‘ಪ್ರಿನ್ಸಿಪಿಯಾ’ದ 1726ರ ಆವೃತ್ತಿಯಲ್ಲಿ ಸೂರ್ಯ ಭೂಮಿಗಿಂತ 1,69,282 ಪಟ್ಟು ಭಾರ ಎಂದಿದೆ. ನಿಜವಾದ ಸಂಖ್ಯೆ ಸುಮಾರು 3,33,000. ಕಾರಣವಿಷ್ಟೆ: ಗುರುವನ್ನು ಸೂರ್ಯನೊಂದಿಗೆ ತೂಗಲು ಆಕಾಶದಲ್ಲಿ ಕಾಣುವ ಕೋನಗಳ ಅನುಪಾತ ಸಾಕು. ಭೂಮಿಯನ್ನು ತೂಗಲು ಸೂರ್ಯ ಎಷ್ಟು ದೂರ ಎಂದು ಸರಿಯಾಗಿ ಗೊತ್ತಿರಬೇಕು. ಆ ದೂರದ ಘನ ಲೆಕ್ಕಕ್ಕೆ ಬರುವುದರಿಂದ ಅದರಲ್ಲಿ ಸ್ವಲ್ಪ ತಪ್ಪಿದರೂ ಉತ್ತರದಲ್ಲಿ ತಪ್ಪು ಮೂರು ಪಟ್ಟಾಗುತ್ತದೆ. 1761 ಮತ್ತು 1769ರಲ್ಲಿ ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋದಾಗ ಯುರೋಪಿನ ದೇಶಗಳು ಸಾಗರದಾಚೆಗೆಲ್ಲ ವೀಕ್ಷಕರನ್ನು ಕಳಿಸಿದ್ದು, ಕ್ಯಾಪ್ಟನ್ ಕುಕ್ ಟಹೀಟಿಗೆ ಹಡಗು ಹೊಡೆದದ್ದು ಈ ದೂರಕ್ಕಾಗಿಯೇ.

ದೂರ ಸಿಕ್ಕ ಮೇಲೂ ಕೈಯಲ್ಲಿದ್ದದ್ದು ಬರೀ ಅನುಪಾತ. ಸೂರ್ಯ ಭೂಮಿಯ ಇಷ್ಟು ಪಟ್ಟು, ಸರಿ. ಭೂಮಿ ಎಷ್ಟು ಕಿಲೊಗ್ರಾಂ? ಅದಕ್ಕೆ ಉತ್ತರ ಆಕಾಶದಲ್ಲಿರಲಿಲ್ಲ. 1798ರಲ್ಲಿ ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್ ತನ್ನ ಮನೆಯಲ್ಲಿ, ತಂತಿಯಿಂದ ತೂಗುಬಿಟ್ಟ ಮರದ ದಂಡದ ಎರಡು ತುದಿಗೆ ಮುಕ್ಕಾಲು ಕೆ.ಜಿ.ಯಷ್ಟು ತೂಕದ ಸೀಸದ ಗುಂಡುಗಳನ್ನು ಕಟ್ಟಿದ. ಅವುಗಳ ಪಕ್ಕಕ್ಕೆ ತಲಾ 158 ಕೆ.ಜಿ.ಯ ಎರಡು ದೊಡ್ಡ ಸೀಸದ ಗುಂಡುಗಳನ್ನು ತಂದು ನಿಲ್ಲಿಸಿದ. ದೊಡ್ಡ ಗುಂಡು ಸಣ್ಣದನ್ನು ಎಳೆದು ದಂಡ ಎಷ್ಟು ತಿರುಚುತ್ತದೆ ಎಂದು ನೋಡಬೇಕಿತ್ತು. ಮನುಷ್ಯ ಹತ್ತಿರ ನಿಂತರೆ ಮೈಬಿಸಿಗೆ ಗಾಳಿ ಅಲುಗಿ ಅಳತೆ ಕೆಡುತ್ತದೆಂದು ಅವನು ಕೋಣೆಗೆ ಕಾಲಿಡದೆ, ಹೊರಗಿನಿಂದ ಗೋಡೆಯ ರಂಧ್ರಕ್ಕೆ ಜೋಡಿಸಿದ ದೂರದರ್ಶಕದಲ್ಲಿ ನೋಡುತ್ತಿದ್ದ. ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.48 ಪಟ್ಟು ಎಂಬುದು ಅವನ ಉತ್ತರ, ಇಂದಿನದು 5.51. ಭೂಮಿಯ ಗಾತ್ರ ಗೊತ್ತಿತ್ತು, ಗುಣಿಸಿದರೆ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕಿಲೊಗ್ರಾಂ. ಒಮ್ಮೆ ಭೂಮಿಯ ತೂಕ ಗೊತ್ತಾಗಿದ್ದೇ ತಡ, ಸೂರ್ಯ, ಗುರು, ಶನಿ ಎಲ್ಲರ ಅನುಪಾತಗಳೂ ಕಿಲೊಗ್ರಾಮಿಗೆ ಬಂದವು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಪ್ರಯೋಗವಿಲ್ಲ. ಸೀಸದ ಗುಂಡುಗಳ ಮಧ್ಯೆ ಇದ್ದ ಆ ಎಳೆತ, ಗ್ರಹಗಳನ್ನು ಹಿಡಿದಿಟ್ಟಿರುವ ಅದೇ ಎಳೆತ.

ಬುಧ, ಶುಕ್ರರಿಗೆ ಉಪಗ್ರಹಗಳಿಲ್ಲ. ಹಾದಿಯಲ್ಲಿ ಬಂದ ಧೂಮಕೇತು, ಕ್ಷುದ್ರಗ್ರಹ, ನೆರೆಗ್ರಹಗಳ ಚಲನೆಯಲ್ಲಿ ಆಗುವ ಸಣ್ಣ ಏರುಪೇರಿನಿಂದ ಅವುಗಳ ತೂಕವನ್ನು ಅಂದಾಜು ಮಾಡಬೇಕಿತ್ತು. 1962ರ ಡಿಸೆಂಬರಿನಲ್ಲಿ ಮ್ಯಾರಿನರ್ 2 ಶುಕ್ರನ ಪಕ್ಕದಲ್ಲಿ, 1974ರ ಮಾರ್ಚಿನಲ್ಲಿ ಮ್ಯಾರಿನರ್ 10 ಬುಧನ ಪಕ್ಕದಲ್ಲಿ ಹಾದುಹೋದಾಗ ನೌಕೆಯೇ ಉಪಗ್ರಹದ ಪಾತ್ರ ವಹಿಸಿತು. ಗ್ರಹದ ಎಳೆತಕ್ಕೆ ನೌಕೆಯ ವೇಗ ಬದಲಾದಂತೆ ಅದರ ರೇಡಿಯೊ ಸಂಕೇತದ ಆವರ್ತನವೂ ಜರುಗುತ್ತದೆ. ಆ ಜರುಗುವಿಕೆಯಲ್ಲಿ ತೂಕ ಓದಬಹುದು.

ಗ್ರಹಗಳು ಸೂರ್ಯನನ್ನು ತಿರುಗಿ ಎಳೆಯುತ್ತವೆ ಎಂದೆನಲ್ಲ, ಅದು ಈಗ ಖಗೋಳಶಾಸ್ತ್ರದ ದೊಡ್ಡ ಕಸುಬಾಗಿದೆ. ಗುರುವೂ ಸೂರ್ಯನೂ ಸುತ್ತುವ ಸಮಾನ ಬಿಂದು ಸೂರ್ಯನ ಕೇಂದ್ರದಿಂದ ಸುಮಾರು 7.4 ಲಕ್ಷ ಕಿ.ಮೀ. ಆಚೆಗಿದೆ, ಸೂರ್ಯನ ತ್ರಿಜ್ಯವೇ 7 ಲಕ್ಷ ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಆ ಬಿಂದು ಸೂರ್ಯನ ಮೈಯಿಂದ ಹೊರಗೇ ಬಿತ್ತು. ಗುರುವಿನ ದೆಸೆಯಿಂದ ಸೂರ್ಯ ಆ ಬಿಂದುವಿನ ಸುತ್ತ ಗಂಟೆಗೆ 45 ಕಿ.ಮೀ. ವೇಗದಲ್ಲಿ ಚಲಿಸುತ್ತಾನೆ. ಭೂಮಿಯ ಪಾಲಿನದು ಸೆಕೆಂಡಿಗೆ 9 ಸೆಂಟಿಮೀಟರ್. ದೂರದ ನಕ್ಷತ್ರವೊಂದು ಹೀಗೆ ತೊನೆಯುವುದನ್ನು ಅದರ ಬೆಳಕಿನಲ್ಲಿ ಹಿಡಿದೇ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೊ 1995ರಲ್ಲಿ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಪತ್ತೆ ಮಾಡಿದರು. 2019ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮೌಂಟ್ ಅಬುವಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 2018ರಲ್ಲಿ ಇದೇ ವಿಧಾನದಿಂದ ಸುಮಾರು 600 ಜ್ಯೋತಿರ್ವರ್ಷ ದೂರದ ಗ್ರಹವೊಂದನ್ನು ತೂಗಿದರು. ಭೂಮಿಯ 27 ಪಟ್ಟು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಮುಖ್ಯ ಉಪಕರಣವನ್ನು ಹೊತ್ತ ಆದಿತ್ಯ ಎಲ್1 ನೌಕೆ ನಿಂತಿರುವ ಜಾಗವನ್ನು ಗೊತ್ತುಮಾಡಿದ್ದೂ ತೂಕವೇ. ಸೂರ್ಯನಿಗೆ ಹತ್ತಿರ ಹೋದಷ್ಟೂ ಬೇಗ ಸುತ್ತಬೇಕು ಎಂಬುದು ನಿಯಮ. ಆದರೆ ಸೂರ್ಯ ಮತ್ತು ಭೂಮಿಯ ನಡುವೆ ಒಂದು ಕಡೆ ಭೂಮಿಯ ಎಳೆತ ಸೂರ್ಯನ ಎಳೆತವನ್ನು ಸರಿಯಾದಷ್ಟು ಕಡಿಮೆ ಮಾಡಿ, ಅಲ್ಲಿನ ನೌಕೆ ಭೂಮಿಯ ಜೊತೆಗೇ ವರ್ಷಕ್ಕೊಂದು ಸುತ್ತು ಬರುವಂತೆ ಮಾಡುತ್ತದೆ. ಆ ಜಾಗ ಎಲ್ಲಿ? ಸೂರ್ಯ ಭೂಮಿಯ 3,33,000 ಪಟ್ಟು. ಅದರ ಮೂರು ಪಟ್ಟು ಹತ್ತು ಲಕ್ಷ. ಹತ್ತು ಲಕ್ಷದ ಘನಮೂಲ ನೂರು. ಹಾಗಾಗಿ ಸೂರ್ಯನ ದೂರದ ನೂರನೇ ಒಂದು ಭಾಗ, 15 ಲಕ್ಷ ಕಿ.ಮೀ. ಆದಿತ್ಯ 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿತು.

ಗ್ರಹಗಳ ತೂಕದಲ್ಲಿ ಇಷ್ಟು ಅಂತರ ಯಾಕೆ ಬಂತು? 460 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ಇದ್ದ ಅನಿಲ, ಧೂಳಿನ ತಟ್ಟೆಯಲ್ಲಿ ಒಳಭಾಗ ಬಿಸಿ. ಅಲ್ಲಿ ಗಟ್ಟಿಯಾಗಿ ಉಳಿಯಬಲ್ಲದ್ದು ಕಲ್ಲು ಮತ್ತು ಲೋಹ, ಅವು ಇದ್ದದ್ದೇ ಕಡಿಮೆ. ಗುರು ಇರುವ ದೂರದಲ್ಲಿ ನೀರೂ ಹಿಮವಾಗಿ ಗಟ್ಟಿಯಾಗುತ್ತದೆ, ಹಾಗಾಗಿ ಕಚ್ಚಾ ಸಾಮಗ್ರಿ ಹೇರಳ. ಭೂಮಿಯ ಹತ್ತು ಪಟ್ಟಿನಷ್ಟು ತಿರುಳು ಕಟ್ಟಿಕೊಂಡರೆ ಸುತ್ತಲ ಜಲಜನಕ, ಹೀಲಿಯಂ ತಾನಾಗಿಯೇ ಬಂದು ಬೀಳತೊಡಗುತ್ತವೆ. ಗುರು ಮೊದಲು ಆ ಹಂತ ಮುಟ್ಟಿತು, ಆಮೇಲೆ ಶನಿ. ಯುರೇನಸ್, ನೆಪ್ಚೂನ್ ಮುಟ್ಟುವ ಹೊತ್ತಿಗೆ ಅನಿಲ ಕರಗಿಹೋಗಿತ್ತು. ಬೆಳೆದ ಗುರು ನೆರೆಯವರ ಪಾಲನ್ನೂ ಕಸಿಯಿತು. ಅದಕ್ಕೂ ಮಂಗಳನಿಗೂ ನಡುವಿನ ಕ್ಷುದ್ರಗ್ರಹಗಳೆಲ್ಲ ಸೇರಿದರೂ ನಮ್ಮ ಚಂದ್ರನ ಶೇ 3ರಷ್ಟು. ಮಂಗಳ ಇಷ್ಟು ಸಣ್ಣದಾಗಿ ಉಳಿದದ್ದೂ ಗುರುವಿನ ಕಾರಣಕ್ಕೇ ಎಂಬ ವಾದಕ್ಕೆ ಈಗ ಬಲವಾದ ಬೆಂಬಲವಿದೆ, ನನಗೂ ಅದು ಒಪ್ಪಿಗೆಯಾಗುತ್ತದೆ. ಸಣ್ಣದಾದ್ದರಿಂದ ಮಂಗಳ ಬೇಗ ತಣಿಯಿತು, ಕಾಂತಕ್ಷೇತ್ರ ಕಳೆದುಕೊಂಡಿತು, ಗಾಳಿ ಸೋರಿಹೋಯಿತು. ತೂಕವೊಂದೇ ಎಲ್ಲವನ್ನೂ ನಿರ್ಧರಿಸುವುದೂ ಇಲ್ಲ. ಹೆಚ್ಚುಕಡಿಮೆ ಭೂಮಿಯಷ್ಟೇ ತೂಗುವ ಶುಕ್ರನ ನೆಲ ಸೀಸ ಕರಗುವಷ್ಟು ಸುಡುತ್ತದೆ.

ತೂಕ ನೆರೆಯವರ ದಾರಿಯಲ್ಲಿ ಕಾಣುತ್ತದೆ ಎಂಬ ಮಾತಿಗೆ ದೊಡ್ಡ ಸಾಕ್ಷಿ ನೆಪ್ಚೂನ್. 1781ರಲ್ಲಿ ವಿಲಿಯಂ ಹರ್ಷಲ್ ಕಂಡುಹಿಡಿದ ಯುರೇನಸ್ ಲೆಕ್ಕದ ದಾರಿ ಬಿಟ್ಟು ಜರುಗುತ್ತಿತ್ತು. ಪ್ಯಾರಿಸಿನ ಉರ್ಬೆ ಲವೆರ್ಯೆ ಅದನ್ನು ಎಳೆಯುತ್ತಿರುವ ಕಾಣದ ಗ್ರಹದ ಜಾಗವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರಂದು ಪತ್ರ ತಲುಪಿತು. ಆ ರಾತ್ರಿಯೇ ಯೋಹಾನ್ ಗಾಲೆ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಗ್ರಹವನ್ನು ಕಂಡ. ಹದಿನೇಳು ದಿನಗಳಲ್ಲಿ ಇಂಗ್ಲೆಂಡಿನ ವಿಲಿಯಂ ಲ್ಯಾಸೆಲ್ ಟ್ರೈಟನನ್ನು ಕಂಡ, ತೂಗುವ ಸಾಧನವೂ ಸಿಕ್ಕಿತು. ಇದೇ ಲವೆರ್ಯೆ 1859ರಲ್ಲಿ ಬುಧನ ದಾರಿಯ ಸಣ್ಣ ಅಡ್ಡಾದಿಡ್ಡಿಗೂ ಕಾಣದ ಗ್ರಹವೇ ಕಾರಣವಿರಬಹುದೆಂದ. ಅದಕ್ಕೆ ವಲ್ಕನ್ ಎಂದು ಹೆಸರೂ ಇಟ್ಟದ್ದಾಯಿತು. ಅಂಥ ಗ್ರಹ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿ ಬುಧನ ದಾರಿಯನ್ನು ವಿವರಿಸಿದರು.

ಪ್ಲೂಟೊ ಕಲಿಸಿದ್ದು ಇನ್ನೂ ಹೆಚ್ಚು. ಯುರೇನಸ್ಸಿನ ದಾರಿಯಲ್ಲಿ ನೆಪ್ಚೂನಿನ ಲೆಕ್ಕಕ್ಕೂ ಸಿಗದ ತುಸು ಶೇಷ ಉಳಿದಿದೆ ಎಂದು ಅಮೆರಿಕದ ಪರ್ಸಿವಲ್ ಲೊವೆಲ್ ಭೂಮಿಯ ಸುಮಾರು ಏಳು ಪಟ್ಟು ಭಾರದ ಗ್ರಹವನ್ನು ಹುಡುಕಿಸಿದ. 1930ರಲ್ಲಿ ಅವನ ವೀಕ್ಷಣಾಲಯದ ಕ್ಲೈಡ್ ಟಾಂಬೊಗೆ ಸಿಕ್ಕಿದ್ದು ಪ್ಲೂಟೊ. ಅದರ ತೂಕದ ಅಂದಾಜು ಭೂಮಿಯಷ್ಟು, ಆಮೇಲೆ ಹತ್ತನೇ ಒಂದು, ಆಮೇಲೆ ನೂರನೇ ಒಂದು ಎಂದು ಕುಸಿಯುತ್ತಲೇ ಹೋಯಿತು. 1978ರ ಜೂನ್‌ನಲ್ಲಿ ಜೇಮ್ಸ್ ಕ್ರಿಸ್ಟಿ ಛಾಯಾಚಿತ್ರ ಫಲಕಗಳನ್ನು ನೋಡುವಾಗ ಪ್ಲೂಟೊದ ಬಿಂಬದ ಒಂದು ಬದಿ ಉಬ್ಬಿತ್ತು. ಅಕ್ಕಪಕ್ಕದ ನಕ್ಷತ್ರಗಳ ಬಿಂಬಗಳು ಉಬ್ಬಿರಲಿಲ್ಲ, ಹಾಗಾಗಿ ಫಲಕದ ದೋಷವಲ್ಲ. ಹಳೆಯ ಫಲಕಗಳಲ್ಲೂ ಆ ಉಬ್ಬು 6.39 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತಿತ್ತು. ಅದು ಪ್ಲೂಟೊದ ಉಪಗ್ರಹ. ಹೆಂಡತಿ ಶಾರ್ಲೀನಳ ನೆನಪಿಗೂ ಒದಗುವಂತೆ ಕ್ರಿಸ್ಟಿ ಅದಕ್ಕೆ ಶಾರನ್ ಎಂದು ಹೆಸರಿಟ್ಟ. ಉಪಗ್ರಹ ಸಿಕ್ಕ ಕೂಡಲೇ ತೂಕ ಬಯಲಾಯಿತು: ಎರಡೂ ಸೇರಿದರೆ ಭೂಮಿಯ 400ರಲ್ಲಿ ಒಂದು ಭಾಗ. ಯುರೇನಸ್ಸನ್ನು ಅಲುಗಿಸುವ ತಾಕತ್ತು ಅದಕ್ಕೆಲ್ಲಿ?

ಹಾಗಾದರೆ ಆ ಶೇಷ ಏನು? 1989ರ ಆಗಸ್ಟ್‌ನಲ್ಲಿ ವಾಯೇಜರ್ 2 ನೆಪ್ಚೂನ್ ಪಕ್ಕದಲ್ಲಿ ಹಾದಾಗ ಅದರ ತೂಕ ತಿಳಿದಿದ್ದಕ್ಕಿಂತ ಶೇ 0.5ರಷ್ಟು ಕಡಿಮೆ ಎಂದು ಗೊತ್ತಾಯಿತು. ಅರ್ಧ ಶೇಕಡ ಎಂದು ತಳ್ಳಿಹಾಕುವಂತಿಲ್ಲ, ಅದು ಹೆಚ್ಚುಕಡಿಮೆ ಒಂದು ಮಂಗಳ ಗ್ರಹದಷ್ಟು ಪದಾರ್ಥ. ಹೊಸ ತೂಕ ಹಾಕಿ ಮೈಲ್ಸ್ ಸ್ಟ್ಯಾಂಡಿಷ್ ಯುರೇನಸ್ಸಿನ ದಾರಿಯನ್ನು ಮತ್ತೆ ಲೆಕ್ಕ ಮಾಡಿದಾಗ ಶೇಷ ಮಾಯವಾಗಿತ್ತು. ಹತ್ತಾರು ವರ್ಷ ಹುಡುಕಿದ ಗ್ರಹ ನೆಪ್ಚೂನಿನ ತೂಕದಲ್ಲಿ ಆಗಿದ್ದ ಒಂದು ಸಣ್ಣ ತಪ್ಪಾಗಿತ್ತು.

ಈಗ ಮತ್ತೆ ಅಂಥದೇ ಹುಡುಕಾಟ ನಡೆದಿದೆ. ನೆಪ್ಚೂನಿನಾಚೆಯ ಕೆಲವು ಹಿಮಕಾಯಗಳ ಕಕ್ಷೆಗಳು ಒಂದೇ ಕಡೆಗೆ ವಾಲಿಕೊಂಡಂತಿವೆ ಎಂದು 2016ರಲ್ಲಿ ಕ್ಯಾಲ್ಟೆಕ್‌ನ ಕಾನ್‌ಸ್ಟಂಟಿನ್ ಬ್ಯಾಟಿಗಿನ್ ಮತ್ತು ಮೈಕ್ ಬ್ರೌನ್ ಹೇಳಿದರು. ಭೂಮಿಯ ಹತ್ತು ಪಟ್ಟು ಭಾರದ, ಸೂರ್ಯನನ್ನು ಸುತ್ತಲು ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ವರ್ಷ ಹಿಡಿಯುವ ಗ್ರಹವೊಂದು ಅವನ್ನು ಎಳೆಯುತ್ತಿರಬಹುದು ಎಂಬುದು ಅವರ ಲೆಕ್ಕ. ಒಪ್ಪದವರೂ ಇದ್ದಾರೆ, ನೋಡಲು ಸುಲಭವಾದ ದಿಕ್ಕುಗಳಲ್ಲಷ್ಟೇ ನೋಡಿದ್ದರಿಂದ ಹಾಗೆ ಕಾಣುತ್ತಿದೆ ಎನ್ನುತ್ತಾರೆ. ನೆಪ್ಚೂನ್ ಒಂದು ಕಡೆ, ವಲ್ಕನ್ ಮತ್ತು ಲೊವೆಲ್ಲನ ಗ್ರಹ ಇನ್ನೊಂದು ಕಡೆ ಇರುವಾಗ ಕಣ್ಣಿಗೆ ಬೀಳುವವರೆಗೆ ಕಾಯುವುದೇ ಸರಿ ಎಂದು ನನಗೆ ತೋರುತ್ತದೆ. ಚಿಲಿಯ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯದ 8.4 ಮೀಟರ್ ದೂರದರ್ಶಕ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿದೆ. ಆ ಗ್ರಹ ಇರುವುದೇ ನಿಜವಾದರೆ ಅದನ್ನು ಕಾಣುವ ಸಾಧ್ಯತೆ ಈ ದೂರದರ್ಶಕಕ್ಕೆ ಹೆಚ್ಚು. ಕಂಡ ಮೇಲೂ ಅದು ನಿಜವಾಗಿ ಎಷ್ಟು ಭಾರ ಎಂದು ಖಚಿತವಾಗಿ ಹೇಳಲು ಅದರ ಸುತ್ತ ಒಂದು ಉಪಗ್ರಹವನ್ನು ಹುಡುಕಬೇಕಾಗುತ್ತದೆ.